ಕವರ್‌ನಲ್ಲಿ ನಿಂತ ಕಾರು

ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಗೇಟು ತೆಗೆದಾಗ ಕಾರಿನ ಬಲಮೈ ಮೇಲೆ ಎಳೆಬಿಸಿಲು ಬಿದ್ದಿತ್ತು. ಹಿಂದಿನ ಚಕ್ರದ ಮೇಲಿಂದ ಹೊರಟ ಒಂದು ಬಿಳಿಗೆರೆ ಎರಡೂ ಬಾಗಿಲು ದಾಟಿ, ಮುಂದಿನ ಚಕ್ರದ ಹತ್ತಿರ ಬಂದು ನಿಂತಿತ್ತು. ಹಿಡಿಕೆ ಬಂದ ಕಡೆ ಚೂರು ಕೆಳಗಿಳಿದು, ದಾಟಿದ ಮೇಲೆ ಮತ್ತೆ ತನ್ನ ಮಟ್ಟಕ್ಕೆ ಏರಿತ್ತು. ಅವಸರದಲ್ಲಿ ಎಳೆದದ್ದಲ್ಲ. ನಡೆಯುತ್ತ, ನಿಧಾನವಾಗಿ, ಬಹುಶಃ ಯಾವುದೋ ಹಾಡು ಗುನುಗುತ್ತ ಎಳೆದದ್ದು. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿ ನಿವೃತ್ತಳಾದವಳು ನಾನು. ಕೈ ನಡುಗದೆ ಎಳೆದ ಗೆರೆ ನೋಡಿದರೆ ಗೊತ್ತಾಗುತ್ತದೆ.

"ಯಾರೋ ಬೀಗದ ಕೈಯಲ್ಲಿ ಗೀರಿದ್ದಾರೆ ರೀ" ಅಂದೆ.

ಇವರು ಬಂದು ಬಗ್ಗಿ ನೋಡಿ, "ಬೀಗದ ಕೈ ಅಲ್ಲ, ನಾಲ್ಕಾಣೆ ಇರಬೇಕು" ಅಂದರು. ನಾಲ್ಕಾಣೆ 2011ರಲ್ಲೇ ಚಲಾವಣೆಯಿಂದ ಹೋಯಿತು. ಆದರೂ ಇವರ ತನಿಖೆಯಲ್ಲಿ ಅದಿನ್ನೂ ಓಡಾಡುತ್ತಿದೆ. ನಾನು ನನ್ನದೇ ತನಿಖೆ ಶುರು ಮಾಡಿದೆ. ಗೆರೆ ಹಿಂದಿನಿಂದ ಮುಂದಕ್ಕೆ ಬಂದಿದೆ, ಅಂದರೆ ಗೀರಿದವರು ಗಾಂಧಿ ಬಜಾರಿನ ಕಡೆಯಿಂದ ಬಂದಿದ್ದಾರೆ. ಹಾಗೆ ಬರುವವರ ಎಡಕ್ಕೆ ಕಾರು ಸಿಗುತ್ತದೆ, ಅಂದರೆ ಎಡಗೈ. ನಮ್ಮ ಬೀದಿಯಲ್ಲಿ ನನಗೆ ಗೊತ್ತಿರುವ ಎಡಚರು ಇಬ್ಬರೇ: ಸಂಜೆ ಸ್ಪಿನ್ ಬೌಲಿಂಗ್ ಮಾಡುವ ಮೂಲೆಮನೆ ಹುಡುಗ, ಮತ್ತು ನಾನು. ಆದರೆ ಬಲಗೈಯಲ್ಲಿ ತರಕಾರಿ ಚೀಲ ಇದ್ದರೆ ಎಂಥವರೂ ಎಡಚರೇ ಎಂದು ಆಮೇಲೆ ಹೊಳೆದು, ತನಿಖೆ ಅಲ್ಲಿಗೇ ಬಿದ್ದುಹೋಯಿತು.

ಕಾರನ್ನು ಬೀದಿಯಲ್ಲಿ ಯಾಕೆ ಬಿಡುತ್ತೀರಿ ಎಂದು ಕೇಳುವವರಿಗೆ ಒಂದು ಮಾತು. ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ಹಾಕಿದ್ದು 1898ರಲ್ಲಿ, ಪ್ಲೇಗಿಗೆ ಹೆದರಿದ ಪೇಟೆಯ ಜನಕ್ಕೆ ಗಾಳಿ ಬೆಳಕು ಬೇಕೆಂದು. ಅಂದು ಅಳತೆ ಹಿಡಿದವರ ಕಣ್ಣಲ್ಲಿ ಇದ್ದದ್ದು ಜಟಕಾ ಗಾಡಿ. ನಮ್ಮ ಮಾವನವರು ಮನೆ ಕಟ್ಟಿಸುವಾಗ ಗೇಟನ್ನು ಸೈಕಲ್ಲಿನ ಅಳತೆಗೆ ಇಡಿಸಿದರು. ಲ್ಯಾಂಬ್ರೆಟಾ ಬಂದಾಗ ಅದೂ ಹೇಗೋ ತೂರಿತು, ಕಾರು ತೂರಲಿಲ್ಲ. ಗೇಟು ಅಗಲ ಮಾಡಬೇಕಾದರೆ ತುಳಸಿಕಟ್ಟೆ ತೆಗೆಯಬೇಕು. ಅದಕ್ಕೆ ನಮ್ಮ ಅತ್ತೆಯವರು ಒಪ್ಪಬೇಕು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು, ಇನ್ನೂ ಒಪ್ಪಿಲ್ಲ.

ಗ್ಯಾರೇಜಿನ ಹುಡುಗ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದ. "ಉಗುರು ಜಾರಿದ್ರೆ ಪಾಲಿಶ್‌ನಲ್ಲಿ ಹೋಗುತ್ತೆ ಆಂಟಿ. ಸಿಕ್ಕಾಕೊಂಡ್ರೆ ಪೇಂಟೇ." ನಮ್ಮದು ಉದ್ದಕ್ಕೂ ಸಿಕ್ಕಿಹಾಕಿಕೊಳ್ಳುತ್ತ ಹೋಯಿತು. ಅವನು ಹೇಳಿದ ಪಾಠ ಇದು: ತಗಡಿನ ಮೇಲೆ ತುಕ್ಕು ಹಿಡಿಯದಂತೆ ಒಂದು ಲೇಪ, ಆಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟು. ಹೊಳಪೆಲ್ಲ ಆ ಕೊನೆಯದರದು. ನಾಲ್ಕೂ ಸೇರಿದರೂ ದಪ್ಪ ಹೆಚ್ಚುಕಮ್ಮಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಂದರೆ ಬರೆಯುವ ಒಂದು ಬಿಳಿ ಹಾಳೆಯಷ್ಟು. ನಮ್ಮ ಕಡುನೀಲಿ ಕಾರು ಅಷ್ಟು ದಿನ ಮೆರೆದದ್ದು ಒಂದು ಹಾಳೆಯ ಬಲದಲ್ಲಿ. ಗೆರೆಯಷ್ಟಕ್ಕೇ ಬಣ್ಣ ಹಚ್ಚಿದರೆ ತೇಪೆ ಕಾಣುತ್ತದೆ, ಎರಡೂ ಬಾಗಿಲಿಗೆ ಪೂರ್ತಿ ಹೊಡೆಯಬೇಕು, 14,000 ರೂಪಾಯಿ ಎಂದ.

ವಿಮೆ ಇದೆಯಲ್ಲ ಎಂದು ಧೈರ್ಯ ತಂದುಕೊಂಡೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಇಂಥದ್ದಕ್ಕೆ ಚಿಕ್ಕಾಸೂ ಸಿಗುವುದಿಲ್ಲ. ನಮ್ಮದು ಪೂರ್ತಿ ಪಾಲಿಸಿ, ಕಿಡಿಗೇಡಿಗಳು ಮಾಡಿದ ಹಾನಿಯೂ ಅದರಲ್ಲಿ ಸೇರಿದೆ. ಆದರೆ 1500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂಪಾಯಿ ನಾವೇ ಹಾಕಬೇಕು. ಅದು ಹೋಗಲಿ ಎಂದರೆ, ಐದು ವರ್ಷ ಏನೂ ಕೇಳದೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಕ್ಕ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಈ ಒಂದು ಗೀರಿನಿಂದ ಸೊನ್ನೆಗೆ ಇಳಿಯುತ್ತದೆ. ಇವರು ಕ್ಯಾಲ್ಕುಲೇಟರ್ ಹಿಡಿದು ಒಂದು ಗಂಟೆ ಕೂತು, ಕೊನೆಗೆ ಅದನ್ನು ಡ್ರಾಯರಿಗೆ ಹಾಕಿ ಎದ್ದರು.

ಎದುರು ಮನೆಯಲ್ಲಿ ವಕೀಲರಿದ್ದಾರೆ. ತಮ್ಮ ಮನೆಯ ಮುಂದೆ ಬೇರೆಯವರ ಗಾಡಿ ನಿಲ್ಲದಿರಲೆಂದು ನಾಲ್ಕು ಹೂಕುಂಡಗಳಿಗೆ ಸಿಮೆಂಟು ತುಂಬಿಸಿ ಇಟ್ಟವರು. ಒಂದರಲ್ಲೂ ಹೂವಿಲ್ಲ. ಅವರು ಗೆರೆಯನ್ನು ನೋಡಿ, ಕೈ ಹಿಂದೆ ಕಟ್ಟಿಕೊಂಡು, "ಹಳೇ ಐಪಿಸಿ ಇದ್ದಿದ್ದರೆ 427ನೇ ಸೆಕ್ಷನ್ ಹಾಕಬಹುದಿತ್ತು ಮೇಡಂ. 50 ರೂಪಾಯಿ ನಷ್ಟವಾದರೆ ಸಾಕಾಗಿತ್ತು, ಎರಡು ವರ್ಷದವರೆಗೆ ಜೈಲು" ಅಂದರು. ಅದು 1860ರ 50 ರೂಪಾಯಿ. 2024ರ ಜುಲೈ 1ಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಎರಡು ವರ್ಷಕ್ಕೆ ನಷ್ಟ 20,000 ಮುಟ್ಟಬೇಕಂತೆ. ಅದಕ್ಕಿಂತ ಕಡಿಮೆಯಾದರೆ ಹೆಚ್ಚೆಂದರೆ ಆರು ತಿಂಗಳು, ಅದರ ತನಿಖೆಗೂ ಪೊಲೀಸರು ಕೋರ್ಟಿನ ಅಪ್ಪಣೆ ಪಡೆಯಬೇಕು. ಇಷ್ಟು ಹೇಳಿ ದನಿ ತಗ್ಗಿಸಿ, "ಇನ್ನೊಂದು ಆರು ಸಾವಿರದಷ್ಟು ಗೀರಿದ್ದಿದ್ದರೆ ಕೇಸು ಗಟ್ಟಿಯಾಗಿರೋದು" ಎಂದು ನಿಜವಾಗಿಯೂ ಮರುಗಿದರು.

ಸಲಹೆಗಳಿಗೆ ಬರವಿರಲಿಲ್ಲ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಎಂದರು. ಆಯುಧಪೂಜೆಯಲ್ಲಿ ಒಡೆದ ಕುಂಬಳಕಾಯಿ ಸಣ್ಣದಾಯಿತು ಎಂದು ನನ್ನ ನಾದಿನಿ ಫೋನಿನಲ್ಲೇ ಕಾರಣ ಕಂಡುಹಿಡಿದಳು. ಕಾರಿಗೆಲ್ಲ ಪಾರದರ್ಶಕ ಫಿಲ್ಮು ಅಂಟಿಸಿಬಿಡಿ, ಸಣ್ಣಪುಟ್ಟ ಗೀರು ಬಿಸಿಲಿಗೆ ತಾನೇ ಕೂಡಿಕೊಳ್ಳುತ್ತದೆ ಎಂದು ಮಗ ಹೇಳಿದ. ಗಟ್ಟಿ ಮನಸ್ಸು ಮಾಡಿ ಬೀಗದ ಕೈ ಊರಿದವರ ಮುಂದೆ ಅದೂ ನಿಲ್ಲದು ಎಂದು ಗ್ಯಾರೇಜಿನ ಹುಡುಗನೇ ಒಪ್ಪಿಕೊಂಡ. ವಕೀಲರ ಮನೆಗೆ ಕ್ಯಾಮೆರಾ ಇದೆ. ಅದು ನೋಡುವುದು ಹೂಕುಂಡಗಳನ್ನು ಮಾತ್ರ.

ಕಡೆಗೆ ಒಂದು ಕವರ್ ತಂದು ಹೊದಿಸಿದೆವು. ಕಾರು ತೊಳೆಯದೆ ಹೊದಿಸಿದ್ದು ನಮ್ಮ ಬುದ್ಧಿವಂತಿಕೆ. ಗಾಳಿಗೆ ಬಟ್ಟೆ ಅಲುಗಿದ ಹಾಗೆಲ್ಲ ಅಡಿಯ ಧೂಳು ಉಪ್ಪುಕಾಗದದ ಕೆಲಸ ಮಾಡಿತು. ವಾರ ಕಳೆದು ತೆಗೆದು ನೋಡಿದರೆ ಬಾನೆಟ್ಟಿನ ತುಂಬ ಕೂದಲೆಳೆಯಂಥ ಗೀರುಗಳು. ಹೊರಗಿನವರು ಎಳೆದದ್ದು ಒಂದು, ನಾವು ಕಾಸು ಕೊಟ್ಟು ಎಳೆಸಿಕೊಂಡದ್ದು ನೂರು. ಆ ಕವರಿನ ಮೇಲೆ ಬೀದಿನಾಯಿ ರಾಜ ಮಲಗುವುದನ್ನು ಅಭ್ಯಾಸ ಮಾಡಿಕೊಂಡ. ಇಳಿಯುವಾಗ ಅವನೂ ತನ್ನ ನಾಲ್ಕು ಉಗುರಿನ ಸಹಿ ಹಾಕಿ ಇಳಿಯುತ್ತಿದ್ದ.

ಆಮೇಲೆ ಮೂರು ರಾತ್ರಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ನಗಬೇಡಿ, ಈ ಬಡಾವಣೆಗೆ ಹೆಸರು ಬಂದದ್ದೇ ಹೀಗೆ ರಾತ್ರಿ ಕಾದು ಕೂತವರಿಂದ. ಇದು ಸುಂಕೇನಹಳ್ಳಿಯಾಗಿದ್ದಾಗ ಬೆಳೆದ ಕಡಲೆಕಾಯನ್ನು ಯಾರೋ ಮೇಯ್ದು ಹೋಗುತ್ತಿದ್ದರಂತೆ. ರೈತರು ಹೊಂಚು ಹಾಕಿ ಕೂತು ನೋಡಿದರೆ ಅದೊಂದು ಬಸವ. ಬೀಸಿ ಹೊಡೆದರೆ ಕಲ್ಲಾಗಿ ಕೂತಿತು, ಕೂತದ್ದು ಬೆಳೆಯತೊಡಗಿತು. ತಪ್ಪಾಯಿತೆಂದು ಮೊದಲ ಬೆಳೆಯನ್ನು ಅದಕ್ಕೇ ಒಪ್ಪಿಸಿದರು. ಕಾರ್ತೀಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಮೂಲ ಅದೇ ಎನ್ನುತ್ತಾರೆ. ಹಾನಿ ಮಾಡಿದವನಿಗೆ ವರ್ಷಾ ವರ್ಷ ಕಡಲೆಕಾಯಿ ಕೊಡುವ ಊರು. ನಾನೂ ಕೈಯಲ್ಲಿ ಕೋಲು ಇಟ್ಟುಕೊಳ್ಳದೆ ಬರೀ ಟಾರ್ಚು ಇಟ್ಟುಕೊಂಡಿದ್ದೆ. ಮೊದಲ ರಾತ್ರಿ ರಾಜ ಬಂದ. ಎರಡನೇ ರಾತ್ರಿ ಒಂದು ಜೋಡಿ ಕಾರಿಗೆ ಒರಗಿ ಮುಕ್ಕಾಲು ಗಂಟೆ ಜಗಳವಾಡಿ ರಾಜಿಯಾಯಿತು. ಮೂರನೇ ರಾತ್ರಿ ನಾನು ನಿದ್ದೆ ಹೋದೆ.

ಹಗಲಿನ ವಿಚಾರಣೆಯೇ ವಾಸಿ ಎನಿಸಿತು. ಸಂಜೆ ಕ್ರಿಕೆಟ್ ಹುಡುಗರನ್ನು ನಿಲ್ಲಿಸಿ ಕೇಳಿದೆ. ಎಡಗೈ ಬೌಲರನೇ ಮಾತಾಡಿದ.

"ನಾವು ಮುಟ್ಟಿಲ್ಲ ಆಂಟಿ. ನಿಮ್ಮ ಕಾರಿಗೆ ಬಾಲ್ ತಾಗಿದ್ರೆ ಔಟ್ ಅಂತ ರೂಲೇ ಮಾಡ್ಕೊಂಡಿದೀವಿ. ಅದು ಕವರ್‌ನಲ್ಲಿ ನಿಂತಿದೆಯಲ್ಲ."

"ಕವರ್ ಈಗ ತಾನೇ ಹಾಕಿದ್ದು ಕಣೋ."

"ಆ ಕವರ್ ಅಲ್ಲ ಆಂಟಿ, ಫೀಲ್ಡಿಂಗ್ ಪೊಸಿಷನ್. ಐದು ವರ್ಷದಿಂದ ನಮ್ ಟೀಮಲ್ಲಿ ಒಬ್ಬನಿಗೂ ಆಫ್ ಸೈಡ್ ಆಡೋಕೆ ಬರಲ್ಲ."

ಮರುದಿನ ಸೊಪ್ಪಿನ ಲಕ್ಷ್ಮಮ್ಮನನ್ನು ಕೇಳಿದೆ. ಅವಳು ದಂಟಿನ ಕಟ್ಟು ಬಿಡಿಸುತ್ತ, "ನಂಗೇನು ಗೊತ್ತಮ್ಮ? ನೀವು ಕಾರ್ ತರೋಕೆ ಮುಂಚೆ ನಾನು ಬುಟ್ಟಿ ಇಳಿಸ್ತಿದ್ದದ್ದು ಅಲ್ಲೇ ಅಲ್ವಾ? ಹೊಂಗೆಮರದ ನೆರಳಿತ್ತು, ಸೊಪ್ಪು ಬಾಡ್ತಿರಲಿಲ್ಲ. ಈಗ ನೆರಳು ಕಾರಿಗೆ" ಅಂದಳು. ಅದರಲ್ಲಿ ದೂರಿನ ದನಿಯೇ ಇರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು.

ಇನ್ನೊಂದು ಸಂಗತಿ ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಗೇಟಿಗೆ ಅಡ್ಡವಾಗಬಾರದೆಂದು ನಾವು ಕಾರನ್ನು ಸ್ವಲ್ಪ ಮುಂದಕ್ಕೆ ತೆಗೆದುಕೊಂಡು ನಿಲ್ಲಿಸುತ್ತಿದ್ದೆವು. ಆ ಸ್ವಲ್ಪ ಮುಂದೆ ಇರುವುದು ಪಕ್ಕದ ಮನೆ. ಅಲ್ಲಿನ ಅಜ್ಜಿಗೆ ಎಂಬತ್ತಾರು ವರ್ಷ, ದಿನವೆಲ್ಲ ಜಗಲಿಯ ಮೇಲೆ ಕೂತಿರುತ್ತಾರೆ. ಏನಾದರೂ ಕಂಡಿತೇ ಎಂದು ವಿಚಾರಿಸಿದೆ. "ನಿನ್ನ ಕಾರು ಬಂದ ಮೇಲೆ ನನಗೆಲ್ಲಿ ಕಾಣುತ್ತೆ ಬೀದಿ? ಕೂತರೆ ಅದರ ಗಾಜು ಕಾಣುತ್ತೆ, ಗಾಜಲ್ಲಿ ನಾನೇ ಕಾಣ್ತೀನಿ" ಅಂದರು. ಆಮೇಲೆ ಕಾಫಿ ಕುಡಿದು ಹೋಗು ಅಂದರು.

ಕಾಫಿ ಕುಡಿಯುತ್ತ ಲೆಕ್ಕ ಹಾಕಿದೆ. ಗೀರುವುದಕ್ಕೆ ಕಾರಣವಿಲ್ಲದವರು ಇಡೀ ಬೀದಿಯಲ್ಲಿ ರಾಜ ಒಬ್ಬನೇ. ಐದು ವರ್ಷದಲ್ಲಿ ಯಾರೂ ಒಂದು ಮಾತು ಆಡಿರಲಿಲ್ಲ. ಒಬ್ಬರು ಮಾತ್ರ ಬರೆದಿದ್ದರು, ಅದೂ ಸಹಿ ಹಾಕದೆ.

ಹಾಗೆಂದು ಗೀರಿದವರನ್ನು ನಾನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ. ಕೈಗೆ ಸಿಕ್ಕರೆ 14,000 ರೂಪಾಯಿ ವಸೂಲು ಮಾಡುವವಳೇ. ಸಿಕ್ಕಿಲ್ಲ. ಬಾಗಿಲಿಗೆ ಬಣ್ಣವನ್ನೂ ಹೊಡೆಸಿಲ್ಲ, ತುಕ್ಕು ಹಿಡಿಯದಿರಲೆಂದು ಗೆರೆಯ ಮೇಲೆ ಸಣ್ಣ ಬ್ರಷ್ಷಿನಲ್ಲಿ ಟಚ್ ಅಪ್ ಮಾಡಿಸಿದ್ದೇವೆ. ಕಾರನ್ನು ಈಗ ಅರವತ್ತು ಹೆಜ್ಜೆ ಆಚೆ, ಪಾರ್ಕಿನ ಕಾಂಪೌಂಡಿಗೆ ಒತ್ತಿ, ಬೀದಿದೀಪದ ಕೆಳಗೆ ನಿಲ್ಲಿಸುತ್ತೇವೆ. ಅಲ್ಲಿ ಹಕ್ಕಿಗಳ ಕಾಟ. ಹಿಕ್ಕೆ ಒಣಗುವ ಮೊದಲೇ ತೊಳೆಯದಿದ್ದರೆ ಅದೂ ಕ್ಲಿಯರ್ ಕೋಟು ತಿನ್ನುತ್ತದೆ. ದಿನಾ ಬೆಳಿಗ್ಗೆ ಇವರು ಬಕೆಟ್ಟು ಹಿಡಿದು ಅರವತ್ತು ಹೆಜ್ಜೆ ಹೋಗಿ ಬರುತ್ತಾರೆ. ಡಾಕ್ಟರು ಹೇಳಿದ ವಾಕಿಂಗು ಅಷ್ಟರಲ್ಲೇ ಮುಗಿಯಿತು ಎನ್ನುತ್ತಾರೆ.

ಬರುವ ಸೋಮವಾರ ಪರಿಷೆ. ನೀವೂ ಕಡಲೆಕಾಯಿ ಕೊಳ್ಳಲು ಬರುತ್ತೀರಿ, ಎಲ್ಲೂ ಜಾಗ ಸಿಗದೆ ಸುತ್ತಿ ಸುತ್ತಿ ನಮ್ಮ ಬೀದಿಗೂ ನುಗ್ಗುತ್ತೀರಿ. ಹೊಂಗೆಮರದ ಕೆಳಗೆ ಒಂದು ಕಾರಿನಷ್ಟು ಜಾಗ ಖಾಲಿ ಕಾಣುತ್ತದೆ. ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ, ಅದು ಖಾಲಿ ಇಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಸೊಪ್ಪು, ಸಂಜೆ ನಾಲ್ಕರ ಮೇಲೆ ಆಫ್ ಸೈಡ್.