ಮಾಳಿಗೆ ಕೆಡವೂದಿಲ್ಲ, ತಮ್ಮಾ

ಬನಹಟ್ಟಿ,
ರೋಹಿಣಿ ಮಳೆ ಕೂಡಿದ ಮಾರನೇ ದಿನ

ಪ್ರೀತಿಯ ತಮ್ಮನಿಗೆ,

ಅವ್ವ ಆರಾಮ ಇದ್ದಾಳೆ. ಮೊದಲು ಇಷ್ಟು ಓದಿ ಉಸಿರು ಬಿಡು, ಆಮೇಲೆ ಮುಂದಿನದು. ಪುಣೆಯಿಂದ ನೀನು ದಿನಾ ಫೋನು ಮಾಡುತ್ತೀ ಖರೆ. ಆದರೆ ಫೋನಿನಲ್ಲಿ ನಾನು ಹೇಳುವುದರಲ್ಲಿ ಅರ್ಧ ನಿನಗೆ ಕೇಳಿಸುವುದಿಲ್ಲ, ಇನ್ನರ್ಧ ನೀನು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ನೀನು ಕಳಿಸಿದ ಕೊಟೇಶನ್ ನೋಡಿದೆ. ಹಳೇ ಮನೆ ಪೂರ್ತಿ ಕೆಡವಿ, ಕಾಲಂ ಎಬ್ಬಿಸಿ, ಸ್ಲ್ಯಾಬ್ ಹಾಕಿ, ಮುಂದೆ ಗ್ರಿಲ್ಲು ಕೂಡ್ರಿಸುವುದು. ಚಿತ್ರ ಚಂದ ಇದೆ. ಆದರೆ ಅದನ್ನು ಬರೆದ ಪುಣ್ಯಾತ್ಮ ನಮ್ಮ ಹೊಸ್ತಿಲು ದಾಟಿಲ್ಲ, ಫೋಟೋ ನೋಡಿ ಲೆಕ್ಕ ಕಟ್ಟಿದ್ದಾನೆ. ಬೇಡ ಅಂತ ನಾನೇ ಹೇಳಿ ಕಳಿಸಿದೆ. ನಿನಗೆ ಸಿಟ್ಟು ಬಂದಿದೆ ಎಂದು ನಿನ್ನ ಹೆಂಡತಿ ಹೇಳಿದಳು. ಬರಲಿ. ಈ ಕಾಗದ ಓದಿ ಮುಗಿಸಿದ ಮೇಲೂ ಸಿಟ್ಟು ಉಳಿದಿದ್ದರೆ ಬೈಯುವಿಯಂತೆ.

ಕೃತ್ತಿಕಾ ಮಳೆ ಗೊತ್ತಲ್ಲ, ಅದರಲ್ಲಿ ಮಳೆಗಿಂತ ಗಾಳಿಯದೇ ಜೋರು. ಸಂಜೆ ಮಹಾಲಿಂಗಪುರದ ದಿಕ್ಕಿನಿಂದ ಧೂಳೆದ್ದು ಬಂತು. ಹಿತ್ತಲ ಶೆಡ್ಡಿನ ತಗಡು ಒಂದರ ಹಿಂದೊಂದು ಕಿತ್ತು ಹೋದವು. ಒಂದು ತಗಡು ಪಕ್ಕದವರ ಬೇವಿನ ಮರಕ್ಕೆ ಸಿಕ್ಕಿತು, ಇನ್ನೊಂದು ನಮ್ಮ ಮಾಳಿಗೆಯ ಕುಂಬಿಗೇ ಬಡಿದು ಅದನ್ನು ಉರುಳಿಸಿತು. ಕುಂಬಿಯ ಮಣ್ಣು ಹರನಾಳಿಗೆಯ ಬಾಯಿಗೆ ತುಂಬಿಕೊಂಡಿತು. ಮಳೆ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಮಾಳಿಗೆಯ ಮೇಲೆಯೇ ನಿಂತು, ರಾತ್ರಿಯೆಲ್ಲ ಅಡುಗೆಮನೆಯ ಮೂಲೆಯಿಂದ ಇಳಿಯಿತು. ಮಗ್ಗದ ಕುಣಿಯಲ್ಲಿ ಮೊಣಕಾಲುದ್ದ ನೀರು. ಹಾಸು ತೊಯ್ದಿತು, ಹಣಿಗೆ ಜಂಗು ಹಿಡಿಯಿತು. ತಗಡಿನ ಮೇಲೆ ಗಾಳಿಗೆಂದು ಅಪ್ಪ ಹೇರಿಟ್ಟಿದ್ದ ಕಲ್ಲುಗಳು ಅವ್ವ ಕಂಡಿಕೆ ಸುತ್ತುವ ಜಾಗಕ್ಕೇ ಬಿದ್ದಿದ್ದವು. ಆಗ ಅವಳು ಪಡಸಾಲೆಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಇದನ್ನು ಫೋನಿನಲ್ಲಿ ನಿನಗೆ ಹೇಳಿರಲಿಲ್ಲ.

ಈ ಕಲ್ಲಿನ ಕಥೆ ನಮ್ಮೂರಲ್ಲಿ ಮನೆಮನೆಯದು. ಗಾಳಿ ತಗಡನ್ನು ಮೇಲಿನಿಂದ ತಳ್ಳುವುದಿಲ್ಲ. ತೆರೆದ ಕಡೆಯಿಂದ ಒಳಗೆ ನುಗ್ಗಿ ಕೆಳಗಿನಿಂದ ಎತ್ತುತ್ತದೆ, ಮೇಲೆ ಹರಿಯುವ ಗಾಳಿ ಹೀರುತ್ತದೆ. ಅಂಚು ಮತ್ತು ಮೂಲೆ ಮೊದಲು ಏಳುತ್ತವೆ, ಒಂದು ಎದ್ದರೆ ಉಳಿದವು ಹಿಂದೆಯೇ. ಅಂಥ ಎಳೆತಕ್ಕೆ ಕಲ್ಲು ಯಾವ ಲೆಕ್ಕ? ತಗಡು ಹೋಗುತ್ತದೆ, ಕಲ್ಲು ತಲೆಯ ಮೇಲೆ ಬೀಳುತ್ತದೆ. ನಮ್ಮ ಶೆಡ್ಡು ಗಾಳಿ ಬಂದ ಕಡೆಗೇ ಬಾಯಿ ತೆರೆದುಕೊಂಡು ನಿಂತಿತ್ತು.

ಮಾರನೇ ದಿನ ಬೆಳಗ್ಗೆ, ನಾನು ಜಮಖಂಡಿಯಿಂದ ಬಂದು ಇನ್ನೂ ಚಹಾ ಕುಡಿದಿರಲಿಲ್ಲ, ಬೈಕಿನ ಮೇಲೆ ಇಬ್ಬರು ಬಂದರು. ಕೈಯಲ್ಲಿ ಟೇಪು, ಕಿಸೆಯಲ್ಲಿ ಪೆನ್ನು. ಯಾರು ಕಳಿಸಿದರೋ ಗೊತ್ತಿಲ್ಲ. ಓಣಿಯಲ್ಲಿ ಗಾಳಿ ತಟ್ಟಿದ ಮನೆಗಳನ್ನೆಲ್ಲ ಅಳೆಯುತ್ತಿದ್ದರು. "ಅಕ್ಕಾರ, ಅರ್ಧಕ್ಕಿಂತ ಜಾಸ್ತಿ ಮುಂಗಡ ಕೊಡ್ರಿ, ನಾಳೆನೇ ಹತ್ತತೀವಿ" ಅಂದರು. ಊರು ಯಾವುದು, ಹಿಂದೆ ಎಲ್ಲಿ ಕೆಲಸ ಮಾಡಿದ್ದೀರಿ ಎಂದು ಕೇಳಿದರೆ ಅವರಿಗೆ ಅವಸರ. ಅದಾದ ಮೇಲೆ ಇನ್ನೊಬ್ಬ ಬಂದ, ಇವನು ಹೆಚ್ಚು ಬುದ್ಧಿವಂತ. ದನಿ ಇಳಿಸಿ ಹೇಳಿದ: "ಅಡಗೀಮನಿ ಗೋಡೀನೂ ಕೆಡವಿ ಫೋಟೋ ತೆಗೀರಿ. ಎ ಕೆಟಗರಿ ಮಾಡಸ್ತೀನಿ. ಐದು ಲಕ್ಷ ಬರ್ತೈತಿ, ನನಗ ಒಂದು ಕೊಟ್ಟರಾತು."

ಆ ಐದು ಲಕ್ಷದ ಕಥೆ ಎಲ್ಲಿಂದ ಹುಟ್ಟಿತು ಅಂತ ನಿನಗೂ ಗೊತ್ತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಏರಿ ಢವಳೇಶ್ವರದಲ್ಲಿ ಅತ್ತೆಯ ಮನೆ ಬಿತ್ತಲ್ಲ, ಆಗ ಪೂರ್ತಿ ಬಿದ್ದ ಮನೆಗೆ, ಅಂದರೆ ಎ ಕೆಟಗರಿಗೆ, ಸರಕಾರ 5 ಲಕ್ಷ ಎಂದು ಮಾಡಿತ್ತು. ಅದು ನೆರೆಗೆಂದು ಮಾಡಿದ ವಿಶೇಷ ಆದೇಶ. ಪ್ರತಿ ಗಾಳಿಗೂ, ಪ್ರತಿ ಅಡ್ಡಮಳೆಗೂ ಅದೇ ಬರುತ್ತದೆ ಎಂದು ಜನ ನಂಬಿಕೊಂಡಿದ್ದಾರೆ, ನಂಬಿಸುವವರೂ ಇದ್ದಾರೆ. ವಿಪತ್ತು ನಿಧಿಯ 2022–26ರ ದರ ಬೇರೆಯೇ ಇದೆ: ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1 ಲಕ್ಷ 20 ಸಾವಿರ. ಕನಿಷ್ಠ ನೂರಕ್ಕೆ 15ರಷ್ಟಾದರೂ ಹಾಳಾಗಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ನಮ್ಮದು ಈ ಕೊನೆಯ ಸಾಲಿನದು. ಆ ದುಡ್ಡಿಗೆ ಒಳ್ಳೆಯ ತಗಡು ನಾಲ್ಕು ಬಂದರೆ ಹೆಚ್ಚು. ಹಾಗಂತ ನಿಂತ ಗೋಡೆಯನ್ನು ಕೈಯಾರೆ ಕೆಡವಿ, ಸುಳ್ಳು ಫೋಟೋಕ್ಕೆ ಅವ್ವನನ್ನು ನಿಲ್ಲಿಸಲೇ? ಅವನಿಗೆ ಚಹಾ ಕೂಡ ಕೊಡದೆ ಕಳಿಸಿದೆ.

ಆದರೂ ಪಂಚನಾಮೆ ಮಾಡಿಸಿದ್ದೇನೆ, ಹಕ್ಕಿನದನ್ನು ಬಿಡುವುದೇಕೆ? ತಲಾಠಿ ಬಂದು ನೋಡಿ, ಫೋಟೋ ತೆಗೆದು, ಅಕ್ಕಪಕ್ಕದವರ ಸಹಿ ಹಾಕಿಸಿಕೊಂಡು ಹೋದರು. ಅವರು ಬರುವ ತನಕ ಬಿದ್ದದ್ದನ್ನು ಬಿದ್ದಲ್ಲೇ ಬಿಟ್ಟಿದ್ದೆ, ಮಾಳಿಗೆಯ ಮೇಲೆ ಮಾತ್ರ ತಾಡಪಾಲು ಹಾಸಿದ್ದೆ. ಮಗ್ಗದ ವಿಷಯ ಅವರು ಕೇಳಲಿಲ್ಲ, ನಾನೇ ಬರೆಸಿದೆ. ಕೈಮಗ್ಗದವರಿಗೆ ಸಲಕರಣೆ ಹಾಳಾದರೆ 5,000, ನೂಲು ಹಾಳಾದರೆ 5,000 ಅದೇ ನಿಧಿಯಲ್ಲಿ ಬೇರೆಯಾಗಿಯೇ ಇದೆ. ನಮ್ಮ ರಬಕವಿ-ಬನಹಟ್ಟಿಯಂಥ ನೇಕಾರರ ಊರಲ್ಲೇ ಇದನ್ನು ಕೇಳಿ ಬರೆಸುವವರು ಕಡಿಮೆ, ನನಗೆ ಅದೇ ಸೋಜಿಗ. ತೊಯ್ದ ಹಾಸನ್ನು ಎಸೆಯಬೇಡ ಎಂದು ಅವ್ವನಿಗೆ ಹೇಳಿ, ತಲಾಠಿಗೆ ತೋರಿಸಿ, ಆಮೇಲೆ ನೆರಳಿಗೆ ಹರವಿದೆವು. ಗಂಜಿ ಕುಡಿದ ನೂಲಲ್ಲವೇ, ಅರ್ಧಕ್ಕೆ ಆಗಲೇ ಬೂಷ್ಟು ಬಂದಿತ್ತು.

ಈಗ ಮಾಳಿಗೆಯ ಮಾತು. ನಿನ್ನ ಕೊಟೇಶನ್‌ನವ "ಮಣ್ಣಿನ ಮನೆ, ಬಾಳಿಕೆ ಮುಗಿದಿದೆ" ಎಂದು ಬರೆದಿದ್ದಾನೆ. ನಾನು ಮುಧೋಳದ ಕಡೆಯ ಒಬ್ಬ ಹಳೇ ಗೌಂಡಿಯನ್ನು ಕರೆಸಿದೆ. ಅತ್ತೆಯ ಮನೆಯನ್ನು ತಿರುಗಿ ಕಟ್ಟಿದವನು ಇವನೇ. ಆ ಮನೆ ಎಷ್ಟೋ ಮಳೆಗಾಲ ಕಂಡಿದೆ, ಹೋಗಿ ಗೋಡೆ ಮುಟ್ಟಿ ನೋಡಬಹುದು. ನನಗೆ ಅದಕ್ಕಿಂತ ದೊಡ್ಡ ಶಿಫಾರಸು ಬೇಕಿರಲಿಲ್ಲ. ಬಂದವನು ಟೇಪು ತೆಗೆಯಲಿಲ್ಲ. ಅಡುಗೆಮನೆಯಲ್ಲಿ ಸ್ಟೂಲು ಹಾಕಿ ಹತ್ತಿ, ಸಣ್ಣ ಸುತ್ತಿಗೆಯಿಂದ ತೊಲೆಯನ್ನು ನಡುವಿನಿಂದ ಗೋಡೆಯ ಕಡೆಗೆ ಗೇಣು ಗೇಣಿಗೆ ಬಡಿಯುತ್ತ ಹೋದ. ನಡುವೆ ಟಣ್ ಟಣ್ ಎನ್ನುತ್ತಿದ್ದದ್ದು ಗೋಡೆಯ ಹತ್ತಿರ ಬಂದಾಗ ಡಬ್ ಎಂದಿತು. ಅಲ್ಲಿ ಒಂದು ಮೊಳೆ ಇಟ್ಟು ಹೆಬ್ಬೆರಳಿನಿಂದಲೇ ಒತ್ತಿದ, ಬೆರಳುದ್ದ ಒಳಗೆ ಹೋಯಿತು. "ತಂಗೆವ್ವಾ, ತೊಲಿ ನಡು ಗಟ್ಟಿ ಐತಿ, ತಲಿ ಕೊಳತೈತಿ. ಉಳದ ತೊಲಿ ಎಲ್ಲಾ ಟಣ್ ಅಂತಾವ" ಅಂದ. ಆಮೇಲೆ ಮಾಳಿಗೆ ಹತ್ತಿ ಕುಂಬಿ ಬಿದ್ದ ಕಡೆ ಮಣ್ಣಿನ ಪದರಕ್ಕೆ ಗೇಣು ಹಾಕಿ ನೋಡಿ ತಲೆ ಅಲ್ಲಾಡಿಸಿದ.

ವರ್ಷಾ ಮಿರಗದ ಮಳೆಗೆ ಮುಂಚೆ ಮಣ್ಣು ಏರಿಸುತ್ತಿದ್ದರಲ್ಲ, ಹಳೆಯದನ್ನು ಕೆರೆದು ಇಳಿಸದೆ ಮೇಲೆ ಮೇಲೆ ಹಾಕಿದ್ದಾರೆ. ಹತ್ತು ಅಡಿಗೆ ಹತ್ತು ಅಡಿ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಒಣಗಿದಾಗಲೇ ನಾಲ್ಕೂವರೆ ಟನ್ನು. ನೆನೆದರೆ ಇನ್ನೂ ಹೆಚ್ಚು. ಅರ್ಧ ಟ್ರಾಲಿ ಕಬ್ಬನ್ನು ತೊಲೆಯ ಮೇಲೆ ನಿಲ್ಲಿಸಿದ ಹಾಗೆ. ಅದರ ಮೇಲೆ ಯಾರೋ ಒಂದು ವರ್ಷ ಸಿಮೆಂಟು ಬೇರೆ ಬಳಿಸಿದ್ದಾರೆ. ಬಿಸಿಲಿಗೆ ಸಿಮೆಂಟು ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಮೇಲೆ ಆರುವುದಿಲ್ಲ, ಕೆಳಗೆ ತೊಲೆಯ ತಲೆಗೇ ಹೋಗಿ ಕೂರುತ್ತದೆ. ಸವಳು ಮಣ್ಣಿನ ಗುಣ ಬೇರೆ. ನೀರು ಬಿದ್ದೊಡನೆ ಉಬ್ಬಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಬಿಸಿಲಿಗೆ ಆರುತ್ತದೆ. ಅಂದರೆ ಮನೆ ಮುದಿಯಾದದ್ದಲ್ಲ, ತಲೆಯ ಮೇಲೆ ಭಾರ ಹೇರಿ ಉಸಿರು ಕಟ್ಟಿಸಿದ್ದು.

ಸ್ಲ್ಯಾಬ್ ಹಾಕಿಸಬಾರದು ಎಂಬ ಹಟ ನನ್ನದಲ್ಲ. ಜಮಖಂಡಿಯಲ್ಲಿ ನಾನಿರುವುದೂ ಸ್ಲ್ಯಾಬಿನ ಮನೆಯಲ್ಲೇ, ಏಪ್ರಿಲ್ ತಿಂಗಳಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ ಉಗುಳುತ್ತದೆ. ಅವ್ವ ನೇಯುವುದು ಕುಣಿ ಮಗ್ಗದಲ್ಲಿ. ಮಣ್ಣಿನ ನೆಲ, ಮಣ್ಣಿನ ಮಾಳಿಗೆ, ಕುಣಿಯ ತಂಪು ಇರುವುದಕ್ಕೇ ನೂಲು ಕಡಿಯದೆ ಬರುತ್ತದೆ. ಒಣಗಾಳಿಯಲ್ಲಿ ಎಳೆ ಕಡಿದು ಕಡಿದು ಬಿದ್ದರೆ ಅವಳ ದಿನವೆಲ್ಲ ಎಳೆ ಗಂಟು ಹಾಕುವುದರಲ್ಲೇ ಹೋಗುತ್ತದೆ. "ನೇಯೂದು ಬಿಡು" ಎಂದು ನೀನು ಹೇಳುತ್ತೀ. ಅವಳಿಗೆ ಎದುರಿಗೆ ನಿಂತು ಹೇಳು, ಫೋನಿನಲ್ಲಿ ಬೇಡ.

ಕೊಳೆತ ತೊಲೆಗೆ ಜೋಡಿಯಾಗಿ ಕೂಡ್ರಿಸುವ ತೊಲೆಗಾಗಿ ಗೌಂಡಿಯನ್ನೂ ಬಡಿಗೇರನನ್ನೂ ಕರೆದುಕೊಂಡು ಬೀಳಗಿಗೆ ಹೋಗಿದ್ದೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಎದ್ದವರು ಬಿಚ್ಚಿ ಮಾರಿದ ಸಾಗವಾನಿ, ಕಂಬ, ಬಾಗಿಲು ಅಲ್ಲಿನ ಹಳೇ ಕಟ್ಟಿಗೆಯ ವಖಾರಿನಲ್ಲಿ ಇನ್ನೂ ಸಿಗುತ್ತವೆ. ಒಂದು ಚೌಕಟ್ಟಿನ ಮೇಲೆ ಮನೆ ಅಳೆದವರು ಕೆಂಪು ಬಣ್ಣದಲ್ಲಿ ಬರೆದ ನಂಬರು ಹಾಗೇ ಇತ್ತು. ಆ ನಂಬರಿನವರು ಈಗ ಯಾವ ಪುನರ್ವಸತಿ ಕೇಂದ್ರದಲ್ಲಿದ್ದಾರೋ. ಬಡಿಗೇರ ಅದನ್ನೆಲ್ಲ ನೋಡುವವನಲ್ಲ, ತೊಲೆಯ ತುದಿಗೆ ಉಗುರಿನಿಂದ ಕೆರೆದು ಮೂಗಿಗೆ ಹಿಡಿದ, "ಇದು ಆದೀತ್ರಿ" ಅಂದ. ಹೊಸ ಹಸಿ ಕಟ್ಟಿಗೆ ತಂದರೆ ಗೋಡೆಯಲ್ಲಿ ಕೂತ ಮೇಲೆ ತಿರುಚಿಕೊಳ್ಳುತ್ತದೆ, ಇದು ತಿರುಚುವುದನ್ನೆಲ್ಲ ತಿರುಚಿ ಮುಗಿಸಿದೆ.

ಗೌಂಡಿಯ ಜೊತೆ ಕರಾರು ಬರೆದುಕೊಂಡಿದ್ದೇನೆ, ಸಾದಾ ಹಾಳೆಯ ಮೇಲೆ, ಪಕ್ಕದ ಮನೆಯವರ ಸಾಕ್ಷಿ ಸಹಿ ಹಾಕಿಸಿ. ಅವನು ಮೊದಲು ನಕ್ಕ. ಅತ್ತೆಯ ಮನೆಗೆ ಸರಕಾರ ದುಡ್ಡು ಹೇಗೆ ಕೊಟ್ಟಿತ್ತು ನೆನಪಿದೆಯಾ ಎಂದು ಕೇಳಿದೆ. ಬುನಾದಿ ಆದರೆ ಒಂದು ಕಂತು, ಲಿಂಟಲ್ ಆದರೆ ಒಂದು, ಛಾವಣಿ ಆದರೆ ಒಂದು, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ. ಸರಕಾರ ನಮ್ಮನ್ನು ನಂಬದೆ ಕಂತಿನಲ್ಲಿ ಕೊಟ್ಟಿತು. ನಾವು ಊರು ಹೇಳದವರಿಗೆ ಅರ್ಧಕ್ಕಿಂತ ಹೆಚ್ಚು ಮುಂಗಡ ಎಣಿಸಿಕೊಡುತ್ತೇವೆ! ಗೌಂಡಿಗೆ ನನ್ನ ಮಾತು ಹಿಡಿಸಿತು. ಮಜೂರಿ ಮಾತ್ರ ಅವನದು, ಮಾಲು ನಮ್ಮದು. ಮಾಳಿಗೆಯ ಹಳೇ ಮಣ್ಣು ಇಳಿದು ತೊಲೆ ಕೂತಾಗ ಒಂದು ಕಂತು, ಬೇವಿನ ಸೊಪ್ಪು ಹಾಸಿ ಮಣ್ಣು ಹಾಕಿ ಬಡಿದು ಕುಂಬಿ ಏರಿದಾಗ ಇನ್ನೊಂದು. ಉಳಿದದ್ದು ಮಿರಗದ ಮೊದಲ ದೊಡ್ಡ ಮಳೆ ಬಿದ್ದು, ಅಡುಗೆಮನೆಯಲ್ಲಿ ಹನಿ ಸೋರದಿದ್ದರೆ. ಈ ಕೊನೆಯ ಷರತ್ತು ಅವನೇ ಹೇಳಿ ಬರೆಸಿದ್ದು. ಬೈಕಿನವರು ಇಂಥ ಷರತ್ತು ಹೇಳುತ್ತಿದ್ದರೇ?

ತಗಡನ್ನು ಜಮಖಂಡಿಯಿಂದ ನಾನೇ ತರಿಸಿದೆ. ಅಂಗಡಿಯಲ್ಲಿ ತೋರಿಸಿದ್ದು 0.50 ಮಿಲಿಮೀಟರಿನದು, ಟೆಂಪೋದಲ್ಲಿ ಬಂದು ಇಳಿದದ್ದು 0.35. ತಗಡಿನ ಮೇಲೆಯೇ ಮುದ್ರೆ ಇರುತ್ತದೆ, ಬಹಳ ಜನ ಅದನ್ನು ಓದುವುದಿಲ್ಲ. ವಾಪಸು ಕಳಿಸಿ, ಬಿಲ್ಲಿನ ಮೇಲೆ ದಪ್ಪ ಬರೆಸಿ, ಬೇರೆ ತರಿಸಿದೆ. ಈಗ ಕಲ್ಲು ಒಂದೂ ಇಲ್ಲ. ಗೋಡೆಯೊಳಗೆ ಕಬ್ಬಿಣದ ಪಟ್ಟಿ ಹೂತು ಅದಕ್ಕೆ ಪೈಪು ಬಿಗಿದು, ತಗಡಿನ ಉಬ್ಬಿನ ಮೇಲೆ ಜೆ ಹುಕ್ಕು ಹಾಕಿ ವಾಷರ್ ಕೂಡ್ರಿಸುತ್ತಿದ್ದಾರೆ. ತಗ್ಗಿನಲ್ಲಿ ತೂತು ಹೊಡೆದರೆ ಹರಿಯುವ ನೀರು ಅಲ್ಲೇ ಇಳಿಯುತ್ತದೆ. ಅಂಚಿನ ಸಾಲಿಗೆ ಹುಕ್ಕು ಒತ್ತೊತ್ತಾಗಿ ಇರಬೇಕು ಎಂದು ನಾನು ವೆಲ್ಡಿಂಗಿನವನ ತಲೆ ತಿಂದಿದ್ದೇನೆ. ಶೆಡ್ಡಿನ ತೆರೆದ ಬಾಯಿಗೆ ಅರ್ಧ ಗೋಡೆ ಕಟ್ಟಿ ಉಳಿದರ್ಧಕ್ಕೆ ಬಾಗಿಲು ಬರುತ್ತದೆ. ಕುಂಬಿಯ ಮೇಲೆ ಲೋಕಾಪುರದ ಕಡೆಯ ಹಾಸುಗಲ್ಲು ಹೊದಿಸುತ್ತೇವೆ. ಅದು ನಿನ್ನ ಗ್ರಿಲ್ಲಿಗಿಂತ ಚಂದ ಕಾಣುತ್ತದೆ, ನೋಡುವಿಯಂತೆ.

ಒಂದು ಸ್ಲ್ಯಾಬು ನಿನಗೆಂದೇ ಬಿಟ್ಟಿದ್ದೇನೆ. ಬಚ್ಚಲಿಗೆ ಹಾಕಿಸು. ಅವ್ವನೇ ಕೇಳಿದ್ದಾಳೆ, ಕಾಲು ಜಾರದ ಫರಸಿ, ಹಿಡಿದುಕೊಳ್ಳಲು ಗೋಡೆಗೊಂದು ಪೈಪು. ಅಷ್ಟು ನಿನ್ನ ಖರ್ಚು.

ನಿನ್ನ ಫ್ಲ್ಯಾಟಿಗೆ ಸಾಲ ಕೊಡುವಾಗ ಬ್ಯಾಂಕಿನವರು ಯಾವ ವಿಮೆ ಮಾಡಿಸಿದ್ದಾರೆ, ತೆಗೆದು ಓದು. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ, ಬಿರುಗಾಳಿ, ನೆರೆ ಎರಡೂ ಅದರಲ್ಲಿವೆ. ನಿನ್ನದು ಸಾಲಕ್ಕೆ ಮಾತ್ರದ ಜೀವ ವಿಮೆಯಾಗಿದ್ದರೆ ಮನೆಗೆ ಏನೂ ಇಲ್ಲ ಎಂದೇ ತಿಳಿ.

ಕಡೆಯ ಮಾತು, ಇದಕ್ಕೆ ಮಾತ್ರ ತಡ ಮಾಡಬೇಡ. ಪಂಚನಾಮೆಯಲ್ಲಿ ಮಾಲೀಕರ ಹೆಸರಿನ ಕಡೆ ಅಪ್ಪನ ಹೆಸರಿದೆ, ಪರಿಹಾರ ಜಮಾ ಆಗಬೇಕಾದದ್ದು ಅವ್ವನ ಖಾತೆಗೆ. ನಗರಸಭೆಯಲ್ಲಿ ಉತಾರೆ ಇನ್ನೂ ಅಪ್ಪನ ಹೆಸರಲ್ಲೇ ಓಡುತ್ತಿದೆ. ವಾರಸಾ ಮಾಡಿಸಲು ವಂಶಾವಳಿಗೆ ನಾನು ಅರ್ಜಿ ಕೊಟ್ಟಿದ್ದೇನೆ. ಅಪ್ಪನ ಮರಣ ಪ್ರಮಾಣಪತ್ರದ ಮೂಲ ಪ್ರತಿ ನಿನ್ನ ಕಪಾಟಿನಲ್ಲಿ, ಎಲ್‌ಐಸಿ ಕಾಗದದ ಫೈಲಿನಲ್ಲಿದೆ. ನಿನ್ನ ಒಪ್ಪಿಗೆ ಪತ್ರಕ್ಕೆ ನೋಟರಿ ಸಹಿ ಹಾಕಿಸಿ, ಎರಡನ್ನೂ ಜಮಖಂಡಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡು. ಆಧಾರ್ ಝೆರಾಕ್ಸು ಮರೆಯಬೇಡ, ಹಿಂದುಗಡೆಯದೂ ಬೇಕಂತೆ.

ನಿನ್ನ ಅಕ್ಕ