ಪಾಂಡೆರೋಸದ ಮಧ್ಯಾಹ್ನಗಳು

ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿ ಆರು ತಿಂಗಳಿರಲೆಂದು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರಕ್ಕೆ ಹೋದ ನನಗೆ, ಮಗಳೂ ಅಳಿಯನೂ ಕೆಲಸಕ್ಕೆ ಹೊರಟ ಬಳಿಕ ಬೀದಿಯಲ್ಲಿ ಒಂದು ನರಪಿಳ್ಳೆಯೂ ಸುಳಿಯದ ಆ ನಿಶ್ಶಬ್ದ ಮಧ್ಯಾಹ್ನಗಳಲ್ಲಿ, ಕಾಲಯಾಪನೆಗೆ ಒದಗಿದ ಏಕೈಕ ಸಂಗಾತಿಯೆಂದರೆ ಟೆಲಿವಿಷನ್ ಪೆಟ್ಟಿಗೆ. ಒಂದು ದಿನ ಸುಮ್ಮನೆ ಗುಂಡಿಗಳನ್ನೊತ್ತುತ್ತ ಕುಳಿತಿರಲು, ತೆರೆಯ ಮೇಲೆ ಹಳೆಯ ಭೂಪಟವೊಂದು ಮೂಡಿತು. ಅದರ ನಡುವೆ ಕಿಡಿ ತಾಗಿ ಕಾಗದವು ಕರಿಕಾಗುತ್ತ ಬಂದಂತೆ, ಆ ರಂಧ್ರದ ಆಚೆಯಿಂದ ಸವಾರರು ನಗುನಗುತ್ತ ಕುದುರೆಗಳನ್ನು ಓಡಿಸಿಕೊಂಡು ಬಂದರು. ಬಾಗಿಲು ತೆರೆದು ಅತಿಥಿಯನ್ನು ಬರಮಾಡಿಕೊಳ್ಳುವುದು ಲೋಕರೂಢಿ. ಭೂಮಿಯ ನಕ್ಷೆಯನ್ನೇ ಸುಟ್ಟು ದಾರಿಮಾಡಿಕೊಂಡು ಬಂದ ಈ ಅತಿಥಿಗಳಿಗೆ ನಾನು ಮೊದಲ ದಿನವೇ ಸೋತೆ. ಧಾರಾವಾಹಿಯ ಹೆಸರು 'ಬೊನಾಂಜ'.

ಸಮೃದ್ಧಿಯೆಂಬ ಅರ್ಥದ ಈ ಸ್ಪ್ಯಾನಿಷ್ ಶಬ್ದವನ್ನು ಗಣಿಗಾರರು ಹೇರಳವಾಗಿ ಲೋಹ ದೊರೆಯುವ ನಿಕ್ಷೇಪಕ್ಕೆ ಬಳಸುತ್ತಿದ್ದರು. ನೆವಾಡ ಪ್ರಾಂತದ ವರ್ಜೀನಿಯ ಸಿಟಿಯ ಬಳಿ ಕಾಮ್‌ಸ್ಟಾಕ್ ಬೆಳ್ಳಿಯ ನಿಕ್ಷೇಪವು 1859ರಲ್ಲಿ ಪ್ರಸಿದ್ಧಿಗೆ ಬಂದಿತು. ಸರಿಯಾಗಿ ನೂರು ವರ್ಷಗಳ ತರುವಾಯ, 1959ರ ಸೆಪ್ಟೆಂಬರ್ 12ರಂದು, ಡೇವಿಡ್ ಡಾರ್ಟಾರ್ಟ್ ಕಲ್ಪಿಸಿದ ಈ ಕಥಾಮಾಲೆ ಎನ್‌ಬಿಸಿ ಜಾಲದಲ್ಲಿ ಮೊದಲಾಯಿತು. ಮೊದಮೊದಲು ಜನ ಅಷ್ಟಾಗಿ ಒಲಿಯಲಿಲ್ಲ. ಆದರೆ ಎನ್‌ಬಿಸಿಯ ಒಡೆಯರಾದ ಆರ್‌ಸಿಎ ಕಂಪನಿಯವರಿಗೆ ತಾವು ತಯಾರಿಸುತ್ತಿದ್ದ ಬಣ್ಣದ ಟೆಲಿವಿಷನ್ ಪೆಟ್ಟಿಗೆಗಳು ಮಾರಾಟವಾಗಬೇಕಿತ್ತು. ಟಾಹೊ ಸರೋವರದ ನೀಲಿಯನ್ನೂ ಪೈನ್ ಕಾಡಿನ ಹಸುರನ್ನೂ ಬಣ್ಣದಲ್ಲಿಯೇ ತೋರಿಸುತ್ತಿದ್ದ ಈ ಕಥೆಗಿಂತ ಒಳ್ಳೆಯ ಜಾಹೀರಾತು ಅವರಿಗೆ ಇನ್ನೆಲ್ಲಿ ಸಿಕ್ಕೀತು? ಹೀಗೆ ವ್ಯಾಪಾರದ ಕೃಪೆಯಿಂದ ಬದುಕಿದ ಶಿಶು, 1961ರಲ್ಲಿ ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ ಬದಲಾದ ಮೇಲೆ ಬೆಳೆದು, ಕೆಲವು ವರ್ಷಗಳಲ್ಲಿಯೇ ಆ ದೇಶದ ಅತ್ಯಂತ ಜನಪ್ರಿಯ ಕಾರ್ಯಕ್ರಮವಾಯಿತು.

ಹೆಸರು ಗಣಿಯದಾದರೂ ಕಥೆ ಗಣಿಯದಲ್ಲ, ಒಂದು ಮನೆಯದು. ಪಾಂಡೆರೋಸವೆಂಬ ವಿಶಾಲವಾದ ರ‍್ಯಾಂಚಿನ ಯಜಮಾನ ಬೆನ್ ಕಾರ್ಟ್‌ರೈಟ್. ಅವನಿಗೆ ದಶರಥನಂತೆ ಮೂವರು ಪತ್ನಿಯರು; ಆದರೆ ಏಕಕಾಲದಲ್ಲಲ್ಲ, ಒಬ್ಬಳು ತೀರಿಕೊಂಡ ಮೇಲೆ ಮತ್ತೊಬ್ಬಳು. ಮೂವರೂ ಒಬ್ಬೊಬ್ಬ ಮಗನನ್ನಿತ್ತು ಗತಿಸಿದ್ದರಿಂದ ವರ ಕೇಳುವವರು ಯಾರೂ ಉಳಿದಿರಲಿಲ್ಲ. ಓದಿಕೊಂಡವನೂ ಗಂಭೀರನೂ ಆದ ಆಡಮ್, ಆನೆಯ ಮೈಯಲ್ಲಿ ಹಸುವಿನ ಮನಸ್ಸನ್ನಿಟ್ಟ ಹಾಸ್, ಮುಂಗೋಪಿಯಾದ ಕಿರಿಯ ಜೋ: ಈ ಮೂವರಲ್ಲಿ ಯಾರನ್ನಾದರೂ ಪ್ರೀತಿಸಿದ ಹೆಣ್ಣಿನ ಜಾತಕವನ್ನು ಜೋಯಿಸರಿಗೆ ತೋರಿಸುವ ಅಗತ್ಯವಿರಲಿಲ್ಲ, ಗಂಟೆ ಮುಗಿಯುವುದರೊಳಗೆ ಅವಳು ಸಾಯುವಳು, ಇಲ್ಲವೆ ಊರು ಬಿಡುವಳು. ತಂದೆಯಾದ ಲಾರ್ನ್ ಗ್ರೀನ್ ಅವರಿಗೂ, ಹಿರಿಯ ಮಕ್ಕಳಾದ ಪರ್ನೆಲ್ ರಾಬರ್ಟ್ಸ್, ಡ್ಯಾನ್ ಬ್ಲಾಕರ್ ಇವರಿಗೂ ನಡುವಣ ಅಂತರ ನಿಜದಲ್ಲಿ ಹದಿಮೂರೇ ವರ್ಷವೆಂದು ತಿಳಿದಾಗ ನಾನು ನಕ್ಕೆನು. ಆದರೆ ಗ್ರೀನ್ ಆ ಮೇಘಗಂಭೀರ ಧ್ವನಿಯಲ್ಲಿ 'ಜೋಸೆಫ್' ಎಂದು ಕೂಗಿದೊಡನೆ ತಲೆ ತಗ್ಗಿಸುವ ಮಗನನ್ನು ಕಂಡು, ಲೆಕ್ಕ ಮರೆತು, ತಂದೆ ತಂದೆಯೇ ಎಂದುಕೊಂಡೆನು.

"ಅಪ್ಪಾ, ಇದನ್ನ ಹೋದ ವಾರ ನೋಡಿದ್ರಲ್ಲಾ? ಕಥೆ ಗೊತ್ತಿದ್ದೂ ಏನು ನೋಡ್ತೀರಿ?" ಎಂದು ಮಗಳು ಕೇಳಿದಳು.

"ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೂ ನಿಮ್ಮಜ್ಜ ಗಮಕ ಕೇಳೋದಕ್ಕೆ ಮೂರು ಮೈಲಿ ನಡೆದು ಹೋಗ್ತಿದ್ರಲ್ಲ, ಹಾಗೆ" ಎಂದೆ.

ಉತ್ತರ ಹಾಸ್ಯಕ್ಕೆ ಹೇಳಿದುದಾದರೂ ಅದರಲ್ಲಿ ನಿಜವಿತ್ತು. ಅವೇ ಕುದುರೆಗಳು: ಜೋವಿನ ಕಪ್ಪುಬಿಳುಪಿನ ಕೊಚೀಸ್, ಬೆನ್ನನ ಬಕ್. ಅವೇ ಉಡುಪುಗಳು: ಬೆನ್ನನಿಗೆ ಕಂದು ತೊಗಲಿನ ಅಂಗಿಮೇಲಂಗಿ, ಆಡಮ್‌ಗೆ ಅಡಿಯಿಂದ ಮುಡಿಯವರೆಗೆ ಕಪ್ಪು, ಜೋವಿಗೆ ಹಸುರು ಜಾಕೆಟ್. ಒಮ್ಮೆ ತೆಗೆದ ಸವಾರಿಯ ದೃಶ್ಯಗಳನ್ನು ಬೇರೆ ಕಥೆಗಳಿಗೂ ಜೋಡಿಸಬಹುದೆಂಬ ಮಿತವ್ಯಯದ ಯುಕ್ತಿ ಅದು. ನನಗಾದರೋ, ಯಕ್ಷಗಾನದ ವೇಷದಂತೆ ದೂರದಿಂದಲೇ ಪಾತ್ರವನ್ನು ಗುರುತಿಸುವ ಸುಖ ಅದರಿಂದ ದೊರೆಯಿತು.

ಪ್ರೀತಿ ಕುರುಡಾಗಬೇಕಿಲ್ಲ. ನಾಲ್ವರು ಗಂಡಸರಿಗೆ ಬೇಯಿಸಿಹಾಕುವ ಚೀನೀ ಅಡಿಗೆಯವ ಹಾಪ್ ಸಿಂಗ್‌ನ ತೊದಲು ಇಂಗ್ಲಿಷನ್ನು ನಗೆಗಾಗಿ ದುಡಿಸಿಕೊಂಡುದು ನನಗೆ ಸೇರಲಿಲ್ಲ. ಆ ಪಾತ್ರ ವಹಿಸಿದ ವಿಕ್ಟರ್ ಸೆನ್ ಯಂಗ್ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿಯೇ ಹುಟ್ಟಿದವರು. ಅವನು ಬಡಿಸಿದ ಮೇಜಿನಲ್ಲಿ ಅವನಿಗೊಂದು ಕುರ್ಚಿ ಹಾಕಿದುದನ್ನು ನಾನು ಕಂಡ ನೆನಪಿಲ್ಲ.

ಆಗ ಟಾಹೊ ದಂಡೆಯ ಇನ್‌ಕ್ಲೈನ್ ವಿಲೇಜಿನಲ್ಲಿ, ಅಭಿಮಾನಿಗಳಿಗಾಗಿ 1967ರಲ್ಲಿ ತೆರೆದು 2004ರಲ್ಲಿ ಮುಚ್ಚಿದ ಪಾಂಡೆರೋಸ ರ‍್ಯಾಂಚೆಂಬ ವಿಹಾರಸ್ಥಳ ಇನ್ನೂ ಇತ್ತು. ಅಳಿಯ ಒಂದು ಶನಿವಾರ ಕರೆದೊಯ್ದನು. ನನಗೆ ಮನೆಗಿಂತ ಮರ ಹಿಡಿಸಿತು. ಪಾಂಡೆರೋಸ ಪೈನಿನ ಸೂಜಿಯಂಥ ಎಲೆಗಳು ಸಾಮಾನ್ಯವಾಗಿ ಮೂರು ಮೂರಾಗಿ ಒಂದೇ ಬುಡದಿಂದ ಹೊರಡುತ್ತವೆ. ಬಿಸಿಲು ಕಾಯ್ದ ತೊಗಟೆಗೆ ಮೂಗಿಟ್ಟರೆ ವೆನಿಲ್ಲಾದಂಥ ನಸುಗಂಪು. ಆದರೆ ಆ ದಂಡೆಯ ಬಹುಪಾಲು ಕಾಡು ಮರುಹುಟ್ಟಿನದು. ಕುಸಿಯುತ್ತಿದ್ದ ಗಣಿಗಳನ್ನು ದಪ್ಪ ತೊಲೆಗಳ ಚೌಕಟ್ಟುಗಳಿಂದ ಎತ್ತಿಹಿಡಿಯುವ ಉಪಾಯವನ್ನು 1860ರಲ್ಲಿ ಫಿಲಿಪ್ ಡೈಡಸ್‌ಹೈಮರ್ ಎಂಬ ಎಂಜಿನಿಯರು ಕಂಡುಹಿಡಿದನಷ್ಟೆ. ಮೊದಲ ವರ್ಷದ ಕಂತೊಂದರಲ್ಲಿ ಅವನ ಕಥೆಯೇ ಬರುತ್ತದೆ. ಕಾರ್ಮಿಕರ ಜೀವ ಉಳಿಸಿದ ಆ ಉಪಾಯವೇ ಟಾಹೊ ಸುತ್ತಣ ಅರಣ್ಯವನ್ನು ಭೂಮಿಯ ಹೊಟ್ಟೆಗೆ ಇಳಿಸಿತು. ಕಥೆಯಲ್ಲಿ ಬೆನ್ ಕಾರ್ಟ್‌ರೈಟ್ ಬಂದೂಕು ಹಿಡಿದು ಕಾಯ್ದ ಮರಗಳನ್ನು ಚರಿತ್ರೆಯಲ್ಲಿ ಕಾಯ್ದವರಿರಲಿಲ್ಲ. ಇತಿಹಾಸವು ಕಡಿದುದನ್ನು ಕಥೆಯು ನೆಟ್ಟಿತೆಂದುಕೊಂಡು ನಾನು ಆ ನೆರಳಿನಲ್ಲಿ ಬಹಳ ಹೊತ್ತು ಕುಳಿತಿದ್ದೆ.

ಮನೆಯೂ ಮರದಂತೆಯೇ. ಬೆಳೆದ ಗಂಡಸು ಪ್ರತಿಯೊಂದಕ್ಕೂ ತಂದೆಯ ಅಪ್ಪಣೆ ಬೇಡುವುದೇನು ಎಂದು ಬೇಸತ್ತ ರಾಬರ್ಟ್ಸ್ 1965ರಲ್ಲಿ ಹೊರಟುಹೋದರು. ಕೈಕೇಯಿಯೇ ಇಲ್ಲದ ಮನೆಯಿಂದ ಹಿರಿಯ ಮಗ ತಾನಾಗಿಯೇ ವನವಾಸಕ್ಕೆ ತೆರಳಿದನು. ಆದರೂ ಪಾಂಡೆರೋಸ ಏಳು ವರ್ಷಕ್ಕೂ ಮೀರಿ ನಿಂತಿತು. 1972ರ ಮೇ ತಿಂಗಳಲ್ಲಿ, ಶಸ್ತ್ರಚಿಕಿತ್ಸೆಯ ಅನಂತರ, ನಲವತ್ತಮೂರನೆಯ ವಯಸ್ಸಿಗೇ ಬ್ಲಾಕರ್ ತೀರಿಕೊಂಡರು. ಪ್ರಸಾರವು ಭಾನುವಾರದಿಂದ ಮಂಗಳವಾರಕ್ಕೆ ಬದಲಾದುದೂ ಕೇಡಿಗೆ ಕಾರಣವೆನ್ನುವರು, ಇದ್ದರೂ ಇರಬಹುದು. ನಾನು ಕಂಡುದಿಷ್ಟು: ಜಾಣ ಮಗ ಹೋದಾಗ ನಿಂತ ಮನೆ, ನಗುವ ಮಗ ಹೋದಾಗ ನಿಲ್ಲಲಿಲ್ಲ. 1973ರ ಜನವರಿ 16ರಂದು ಕೊನೆಯ ಕಂತು ಪ್ರಸಾರವಾಯಿತು.