ಹಿಂದೆ ಬರುವವರಿಗಾಗಿ

ಮಳೆಗಾಲಕ್ಕೆ ಮುನ್ನ ನಮ್ಮ ಧರ್ಮಕೇಂದ್ರದ ಹಳೆಯ ಪಿಕಪ್ ವಾಹನದ ಹಿಂದಿನ 2 ಚಕ್ರಗಳಿಗೆ ರಬ್ಬರಿನ ಮಡ್‌ಫ್ಲ್ಯಾಪ್ ಹಾಕಿಸಿದೆವು. ಮೆಕ್ಯಾನಿಕ್ ತಗಡಿಗೆ ರಂಧ್ರ ಕೊರೆದು, ತುಕ್ಕು ಹಿಡಿಯದಂತೆ ಅಂಚಿಗೆ ಬಣ್ಣ ಬಳಿದು, ವಾಷರ್ ಇಟ್ಟು ಬೋಲ್ಟ್ ಬಿಗಿದ. ತೀರ ಉದ್ದವಾದರೆ ರಿವರ್ಸ್ ತೆಗೆಯುವಾಗ ಚಕ್ರಕ್ಕೆ ಸಿಕ್ಕಿ ಹರಿಯುತ್ತದೆ. ಗಿಡ್ಡವಾದರೆ ಕೆಸರನ್ನು ತಡೆಯದು ಎಂದೂ ವಿವರಿಸಿದ.

“ಇದು ನಿಮಗಿಂತ ಹೆಚ್ಚಾಗಿ ಹಿಂದೆ ಬರುವವರಿಗೆ, ಫಾದರ್” ಎಂದ ಅವನ ಮಾತು ಮನದಲ್ಲಿ ಉಳಿಯಿತು. ಚಕ್ರವು ಹಿಂದಕ್ಕೆ ಎಸೆಯುವ ಕೆಸರು, ಕಲ್ಲುಗಳು ಚಾಲಕನಿಗೆ ಕಾಣವು. ಬಡವರಿಗೆ ಅಕ್ಕಿ ಒಯ್ಯುವ ವಾಹನವೇ, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಬಲಿಪೂಜೆಗೆ ಸ್ಕೂಟರಿನಲ್ಲಿ ಬರುವ ತಂದೆಯ ಕಣ್ಣಿಗೆ ಕಲ್ಲು ಸಿಡಿಸಿದರೆ ಆ ಸೇವೆಗೆ ಅರ್ಥವೇನು?

ಕುಟುಂಬದಲ್ಲಿಯೂ ಹಾಗೆಯೇ. ದುಡಿಮೆಯ ರಭಸದಲ್ಲಿ ಹಿರಿಯರಾಡುವ ಕಟುನುಡಿ ನಮ್ಮನ್ನು ಹಿಂಬಾಲಿಸುವ ಮಕ್ಕಳಿಗೆ ತಗಲುತ್ತದೆ. ಸ್ವಹಿತವನ್ನಷ್ಟೇ ಅಲ್ಲ, ಪರಹಿತವನ್ನೂ ಗಮನಿಸಬೇಕೆಂದು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದದ್ದು ಇದಕ್ಕಾಗಿಯೇ ಅಲ್ಲವೇ?

ಆದರೆ ತಡೆದರಷ್ಟೇ ಸಾಲದು. ಫ್ಲ್ಯಾಪಿನ ಒಳಬದಿಯಲ್ಲಿ ಸೇರಿದ ಕೆಸರು ಹಾಗೆಯೇ ಉಳಿದರೆ ತೇವ ಹಿಡಿದಿಟ್ಟು ತಗಡನ್ನೇ ತಿನ್ನುತ್ತದೆ. ಆದ್ದರಿಂದ ಪ್ರತಿ ಶನಿವಾರ ತೊಳೆಯುತ್ತೇವೆ. ನಾಲಿಗೆಯಲ್ಲಿ ತಡೆದ ಕೋಪವೂ ಎದೆಯಲ್ಲಿ ಗಟ್ಟಿಯಾಗದಿರಲಿ, ಪ್ರಿಯರೇ. ಪ್ರಾರ್ಥನೆಯಲ್ಲಿ, ಪಾಪನಿವೇದನೆಯಲ್ಲಿ ಅದನ್ನೂ ತೊಳೆದುಕೊಳ್ಳೋಣ.